ದನಿಯ ಜೊತೆ ಬಣ್ಣ ಬದಲಿಸುವ ಅಕ್ಷರ

ಮಕ್ಕಳ ಪುಸ್ತಕಕ್ಕೆ ಚಿತ್ರ, ಸಂಗೀತ, ತಂತ್ರಜ್ಞಾನಗಳನ್ನು ಜೋಡಿಸುವ ಪ್ರಯತ್ನಗಳು ಭಾರತದಲ್ಲಿ ಕಳೆದ ಮೂರು ದಶಕಗಳಿಂದ ನಡೆಯುತ್ತಿದ್ದರೂ, ಅವುಗಳಲ್ಲಿ ಹೆಚ್ಚಿನವು ಕಥೆಯನ್ನು ಕೇಳಿಸುವುದರಲ್ಲಿ ಅಥವಾ ತೋರಿಸುವುದರಲ್ಲಿ ಗೆದ್ದು, ಅಕ್ಷರವನ್ನು ಹಿಡಿದುಕೊಳ್ಳುವ ಹೊಣೆಯನ್ನು ಮಗುವಿಗೇ ಬಿಟ್ಟವು. ಈ ಕೊರತೆಗೆ ದೊರೆತ ಪರಿಹಾರ ತೀರ ಸರಳವಾದದ್ದು. ಕಥೆಯು ಯಾವ ಭಾಷೆಯಲ್ಲಿ ಕೇಳಿಸುತ್ತಿದೆಯೋ ಅದೇ ಭಾಷೆಯ ಸಾಲನ್ನು ಪರದೆಯ ಮೇಲೆ ಮೂಡಿಸಿ, ನಿರೂಪಕರ ಬಾಯಿಂದ ಪದ ಹೊರಡುವ ಹೊತ್ತಿಗೇ ಆ ಪದದ ಬಣ್ಣ ಬದಲಾಗುವಂತೆ ಮಾಡುವುದೇ ಆ ಉಪಾಯ. ‘ಸೇಮ್ ಲ್ಯಾಂಗ್ವೇಜ್ ಸಬ್‌ಟೈಟ್ಲಿಂಗ್’ ಎಂದು ಹೆಸರಾದ ಇದನ್ನು ಕನ್ನಡದಲ್ಲಿ ಸ್ವಭಾಷಾ ಅಡಿಬರಹ ಎನ್ನಬಹುದು. ಬೇರೆ ಭಾಷೆಯ ಚಿತ್ರವನ್ನು ಅರ್ಥಮಾಡಿಸಲು ಹಾಕುವ ಅನುವಾದದ ಅಡಿಬರಹಕ್ಕಿಂತ ಇದರ ಉದ್ದೇಶವೇ ಬೇರೆ; ಮಾತು ನೋಡುಗರಿಗೆ ಅದಾಗಲೇ ಅರ್ಥವಾಗುತ್ತಿರುತ್ತದೆ, ಅಪರಿಚಿತವಾಗಿರುವುದು ಲಿಪಿ ಮಾತ್ರ.

ಪುಸ್ತಕವೂ ರಾಗವೂ ಒಂದಾಗುವುದು ಕನ್ನಡಿಗರಿಗೆ ಹೊಸತೇನಲ್ಲ. ಕುಮಾರವ್ಯಾಸ ಭಾರತವನ್ನು ಒಬ್ಬರು ರಾಗವಾಗಿ ವಾಚಿಸಿ ಇನ್ನೊಬ್ಬರು ಅರ್ಥ ಬಿಡಿಸುವ ಗಮಕ ಕಲೆಯಿಂದ ಓದು ಬಾರದವರಿಗೂ ಮಹಾಕಾವ್ಯ ಪರಿಚಿತವಾಯಿತು. ಆದರೆ ಗ್ರಂಥ ಇರುತ್ತಿದ್ದುದು ಗಮಕಿಯ ಎದುರಿಗೆ. ಕೇಳುಗರ ಕಿವಿಗೆ ದಕ್ಕಿದ್ದು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಚೆನ್ನೈನಲ್ಲಿ 1996ರಲ್ಲಿ ಆರಂಭವಾದ ‘ಕರಡಿ ಟೇಲ್ಸ್’ ಪ್ರಕಾಶನವು ಚಿತ್ರಪುಸ್ತಕದ ಜೊತೆಗೆ ಕ್ಯಾಸೆಟ್ಟನ್ನೂ ಕೊಟ್ಟು, ನಾಸಿರುದ್ದೀನ್ ಶಾ ಅವರಂತಹ ನಟರ ದನಿಯಲ್ಲಿ, ಭಾರತೀಯ ಸಂಗೀತದ ಹಿನ್ನೆಲೆಯೊಡನೆ ಕಥೆ ಹೇಳಿಸಿತು. ಇದೇ ಸಂಸ್ಥೆ ದೊಡ್ಡವರಿಗಾಗಿ ಹೊರತಂದ ಶ್ರವ್ಯಪುಸ್ತಕಗಳಲ್ಲಿ ಅಬ್ದುಲ್ ಕಲಾಂ ಅವರ ಆತ್ಮಕಥೆಗೆ ದನಿ ಕೊಟ್ಟವರು ಗಿರೀಶ ಕಾರ್ನಾಡರು. ಕಿವಿಗೆ ಇಷ್ಟು ಸೊಗಸಾದ ಕಥನ ಮಕ್ಕಳಿಗೆ ಅದಕ್ಕೂ ಮೊದಲು ಸಿಕ್ಕಿದ್ದು ಕಡಿಮೆ. ಆದರೂ ಪುಟ ತೆರೆದುಕೊಂಡು ಕುಳಿತ ಮಗುವಿಗೆ ಈಗ ಕೇಳಿಸುತ್ತಿರುವ ಪದ ಯಾವ ಸಾಲಿನಲ್ಲಿದೆ ಎಂಬುದನ್ನು ಅಚ್ಚಾದ ಹಾಳೆ ತೋರಿಸಲಾರದು.

ಆ ಕೊಂಡಿಯ ಹೊಳಹು ಸಿಕ್ಕಿದ್ದು ಅದೇ ವರ್ಷ, ಮಕ್ಕಳ ಪುಸ್ತಕಕ್ಕೆ ಸಂಬಂಧವೇ ಇಲ್ಲದ ಕಡೆಯಿಂದ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಬ್ರಿಜ್ ಕೊಠಾರಿ ಅವರು ಸ್ಪ್ಯಾನಿಷ್ ಚಿತ್ರವೊಂದನ್ನು ನೋಡುವಾಗ, ಅದರ ಅಡಿಬರಹವೂ ಸ್ಪ್ಯಾನಿಷ್‌ನಲ್ಲೇ ಇದ್ದಿದ್ದರೆ ಭಾಷೆ ಕಲಿಯುವವರಿಗೆ ಅನುಕೂಲವಾಗುತ್ತಿತ್ತಲ್ಲ ಎಂದು ಯೋಚಿಸಿದರು. ಆ ಯೋಚನೆ ಭಾರತದ ಚಿತ್ರಗೀತೆಗಳತ್ತ ಹೊರಳಿತು. ಮುಂದೆ ಅಹಮದಾಬಾದಿನ ಐಐಎಂ ಸೇರಿದ ಅವರು 1999ರಲ್ಲಿ ಗುಜರಾತಿನ ದೂರದರ್ಶನದ ಗೀತೆಗಳ ಕಾರ್ಯಕ್ರಮದಲ್ಲಿ ಇದನ್ನು ಪ್ರಯೋಗಿಸಿದರು. ಅವರೇ ಸ್ಥಾಪಿಸಿದ ‘ಪ್ಲಾನೆಟ್‌ರೀಡ್’ ಸಂಸ್ಥೆಯ ಮೂಲಕ ಅದು ರಾಷ್ಟ್ರೀಯ ವಾಹಿನಿಯ ‘ಚಿತ್ರಹಾರ್’, ‘ರಂಗೋಲಿ’ಗಳಿಗೂ ಹಲವು ಪ್ರಾದೇಶಿಕ ಭಾಷೆಗಳ ಕಾರ್ಯಕ್ರಮಗಳಿಗೂ ಹರಡಿತು.

ಹಾಡನ್ನೇ ಆರಿಸಿಕೊಂಡದ್ದರ ಹಿಂದೆ ಜನಪ್ರಿಯತೆಗಿಂತ ಆಳವಾದ ಕಾರಣವಿದೆ. ಮಾತಿನಲ್ಲಿ ಸರಸರನೆ ಸರಿದುಹೋಗುವ ಪದ ಹಾಡಿನಲ್ಲಿ ಎಳೆಯಲ್ಪಡುವುದರಿಂದ, ನಿಧಾನವಾಗಿ ಓದುವ ಕಣ್ಣಿಗೂ ಅದನ್ನು ಹಿಡಿಯಲು ಸಮಯ ಸಿಗುತ್ತದೆ. ಪಲ್ಲವಿ ಮರಳಿ ಮರಳಿ ಬರುವುದರಿಂದ ಅದೇ ಅಕ್ಷರಗಳ ಅಭ್ಯಾಸ ಬೇಸರವಿಲ್ಲದೆ ಆಗುತ್ತದೆ. ಪ್ರಾಸವು ಮುಂದಿನ ಪದವನ್ನು ಊಹಿಸಲು ದಾರಿ ಮಾಡಿಕೊಡುತ್ತದೆ. ಪರದೆಯ ಮೇಲೆ ಅಕ್ಷರವಿದ್ದರೆ ಬೇಕಿಲ್ಲದಿದ್ದರೂ ಕಣ್ಣು ಅದರತ್ತ ಹರಿಯುತ್ತದೆಂಬುದನ್ನು ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ನೋಟದ ಚಲನೆಯನ್ನು ಅಳೆದು ಆ ಮೊದಲೇ ತೋರಿಸಿದ್ದರು.

ಇದೇ ತತ್ತ್ವವನ್ನು ಮಕ್ಕಳ ಕಥೆಗೆ ಅಳವಡಿಸಿದ್ದು ಕೊಠಾರಿಯವರದೇ ‘ಬುಕ್‌ಬಾಕ್ಸ್’ ಸಂಸ್ಥೆ. ಅದು ತಯಾರಿಸುವ ‘ಆನಿಬುಕ್’ ಎಂಬ ಚಲಿಸುವ ಚಿತ್ರಪುಸ್ತಕದಲ್ಲಿ ನಿರೂಪಣೆ, ಹಿನ್ನೆಲೆ ಸಂಗೀತ, ಅನಿಮೇಷನ್, ಬಣ್ಣ ಬದಲಿಸುವ ಸಾಲು ನಾಲ್ಕೂ ಇರುತ್ತವೆ. ಒಂದೇ ಕಥೆ ಹಲವು ಭಾಷೆಗಳಲ್ಲಿ ಬರುತ್ತದೆ, ಕನ್ನಡವೂ ಅವುಗಳಲ್ಲೊಂದು. ಇಂಗ್ಲಿಷಿಗೆ ಒಗ್ಗಿದ ಈ ತಂತ್ರವನ್ನು ಕನ್ನಡಕ್ಕೆ ತರುವಾಗ ಲಿಪಿಯ ಸ್ವಭಾವವನ್ನು ಗಮನಿಸಲೇಬೇಕಾಗುತ್ತದೆ. ‘ಸೂರ್ಯ’ ಎಂಬ ಪದದಲ್ಲಿ ರಕಾರ ಮೊದಲು ಕೇಳಿಸಿದರೂ ಅದರ ಗುರುತಾದ ಅರ್ಕಾವೊತ್ತು ಯಕಾರದ ನಂತರ ಬರುತ್ತದೆ. ಆದ್ದರಿಂದ ಅಕ್ಷರದ ಭಾಗಗಳಿಗೆ ಒಂದೊಂದಾಗಿ ಬಣ್ಣ ತುಂಬಿದರೆ ಕಣ್ಣು ಒಂದು ದಿಕ್ಕಿಗೆ, ಕಿವಿ ಇನ್ನೊಂದು ದಿಕ್ಕಿಗೆ ಹೋಗುತ್ತದೆ, ಪದವನ್ನು ಇಡಿಯಾಗಿ ಬೆಳಗಿಸುವುದೇ ಸರಿ. ಹಾಗೆಂದು ‘ಮರದಿಂದಿಳಿದುಬಂದಿತು’ ಎಂದು ಸಂಧಿ ಮಾಡಿ ಬರೆದರೆ ಬೆಳಗುವುದು ಒಂದೇ ಉದ್ದನೆಯ ಮುದ್ದೆ. ‘ಮರದಿಂದ ಇಳಿದು ಬಂದಿತು’ ಎಂದು ಬಿಡಿಸಿದರೆ ಮಗುವಿಗೆ ಮೂರು ಮೆಟ್ಟಿಲು ಸಿಗುತ್ತವೆ. ಪದಗಳ ನಡುವೆ ಎಲ್ಲಿ ಜಾಗ ಬಿಡಬೇಕೆಂಬ, ಅಚ್ಚಿನ ಮನೆಯಲ್ಲಿ ಕರಡು ತಿದ್ದುವವರಿಗೆ ಸೇರಿದ್ದ ಪ್ರಶ್ನೆ ಇಲ್ಲಿ ಬೋಧನೆಯ ಪ್ರಶ್ನೆಯಾಗುತ್ತದೆ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ಅಂತರವನ್ನೂ ಇಂಗ್ಲಿಷಿಗಿಂತ ಹೆಚ್ಚಿಸಬೇಕಾಗುತ್ತದೆ, ಮೊಬೈಲಿನ ಸಣ್ಣ ಪರದೆಯಲ್ಲಂತೂ ಇದು ಅನಿವಾರ್ಯ.

ಕರ್ನಾಟಕದಲ್ಲಿ ಈ ಬಗೆಯ ಓದಿಗೆ ವಿಶಾಲವಾದ ಅಂಗಳ ಒದಗಿಸಿದ್ದು ಬೆಂಗಳೂರಿನಲ್ಲಿ 2004ರಲ್ಲಿ ಹುಟ್ಟಿದ, ಲಾಭದ ಉದ್ದೇಶವಿಲ್ಲದ ‘ಪ್ರಥಮ್ ಬುಕ್ಸ್’. ಅದು 2015ರ ಸೆಪ್ಟೆಂಬರ್ 8ರಂದು, ಅಂತರರಾಷ್ಟ್ರೀಯ ಸಾಕ್ಷರತಾ ದಿನದಂದೇ, ‘ಸ್ಟೋರಿವೀವರ್’ ಎಂಬ ಡಿಜಿಟಲ್ ಕಥಾಭಂಡಾರವನ್ನು ತೆರೆಯಿತು. ಸುಮಾರು 800 ಕಥೆಗಳಿಂದ ಮೊದಲಾದ ಈ ಸಂಗ್ರಹದಲ್ಲಿ ಇಂದು 300ಕ್ಕೂ ಹೆಚ್ಚು ಭಾಷೆಗಳ ಕಥೆಗಳಿವೆ. ಕಥೆಗಳನ್ನು ಓದಿನ ಕಷ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಾಗಿ ವಿಂಗಡಿಸಲಾಗಿದ್ದು, ಮೊದಲ ಹಂತದವು ಪರಿಚಿತ ಪದಗಳೂ ಪುನರಾವರ್ತನೆಯೂ ಇರುವ ಪುಟ್ಟ ಕಥೆಗಳು. ಇಲ್ಲಿನ ‘ರೀಡ್‌ಅಲಾಂಗ್’ ವಿಭಾಗದಲ್ಲಿ ಇದೇ ಕಥೆಗಳು ದನಿ ಪಡೆದು, ಬಣ್ಣ ಬದಲಿಸುವ ಅಡಿಬರಹದೊಂದಿಗೆ ಕಾಣಿಸುತ್ತವೆ.

ತಂತ್ರಕ್ಕಿಂತಲೂ ಮಹತ್ವದ್ದು ಇದರ ಹಿಂದಿನ ಮುಕ್ತ ಪರವಾನಗಿ. ‘ಕ್ರಿಯೇಟಿವ್ ಕಾಮನ್ಸ್’ ಎಂಬ ಈ ವ್ಯವಸ್ಥೆಯಲ್ಲಿ ಲೇಖಕ, ಚಿತ್ರಕಾರ, ಪ್ರಕಾಶಕರ ಹೆಸರನ್ನು ನಮೂದಿಸುವ ಷರತ್ತಿನ ಮೇಲೆ ಯಾರು ಬೇಕಾದರೂ ಕಥೆಯನ್ನು ಅನುವಾದಿಸಬಹುದು, ಬದಲಿಸಬಹುದು, ಮುದ್ರಿಸಬಹುದು. ತುಳು ಅಥವಾ ಕೊಂಕಣಿ ಮಾತಾಡುವ ಮನೆಯ ಮಗುವಿಗೆ ಕಥೆಯೊಂದನ್ನು ಅದರ ಮನೆಮಾತಿಗೆ ತರಲು ಪ್ರಕಾಶಕರ ಅನುಮತಿಗಾಗಿ ಕಾಯಬೇಕಿಲ್ಲ. ಮಾರುಕಟ್ಟೆ ಸಣ್ಣದೆಂದು ಪುಸ್ತಕವೇ ಬಾರದ ಭಾಷೆಗಳಿಗೆ ಇಂತಹ ಪರವಾನಗಿ ಮಾಡಿದ ಉಪಕಾರವನ್ನು ಅನಿಮೇಷನ್ನಿನ ಯಾವ ಚಮತ್ಕಾರವೂ ಮಾಡಿಲ್ಲ.

ಚಮತ್ಕಾರ ಹೆಚ್ಚಾದರೆ ಓದಿಗೇ ತೊಡಕು. ಸಾಲು ಕೇಳಿಸುತ್ತಿರುವಾಗ ಚಿತ್ರದಲ್ಲಿ ಮಂಗ ಕುಣಿಯುತ್ತಿದ್ದರೆ ಮಗು ನೋಡುವುದು ಮಂಗನನ್ನೇ. ಮುಟ್ಟಿದರೆ ಸದ್ದು ಮಾಡುವ ಗುಂಡಿಗಳನ್ನು ಪುಟದ ತುಂಬ ಇಟ್ಟರೆ ಪುಸ್ತಕ ಆಟಿಕೆಯಾಗುತ್ತದೆ. ನಿರೂಪಣೆಯ ಹೊತ್ತಿನಲ್ಲಿ ಚಿತ್ರ ಬಹುಮಟ್ಟಿಗೆ ನಿಂತಿದ್ದು, ಸಾಲು ಮುಗಿದ ಮೇಲೆ ಚಲಿಸುವುದು, ಸಂಗೀತವೂ ಆಗಲೇ ದನಿ ಏರಿಸುವುದು ಒಳ್ಳೆಯ ಕ್ರಮ. ತರಗತಿಯಲ್ಲಿ ಇದನ್ನು ಬಳಸುವ ಶಿಕ್ಷಕರು ಅದೇ ಕಥೆಯನ್ನು ಎರಡು ಮೂರು ಸಲ ಕೇಳಿಸಿ, ಬಳಿಕ ದನಿ ನಿಲ್ಲಿಸಿ ಮಕ್ಕಳಿಂದಲೇ ಓದಿಸಬಹುದು. ಪರವಾನಗಿಯ ಅವಕಾಶವಿರುವುದರಿಂದ ಅದರ ಪುಟಗಳನ್ನು ಮುದ್ರಿಸಿ ಹಂಚಿದರೆ, ವಿದ್ಯುತ್ತೂ ನೆಟ್‌ವರ್ಕೂ ಇಲ್ಲದ ಹೊತ್ತಿನಲ್ಲಿಯೂ ಕಥೆ ಮಕ್ಕಳ ಕೈಯಲ್ಲಿರುತ್ತದೆ.