ಕಚೇರಿಗೆ ಸೈಕಲ್: ಸಾದಾ ಫೋರ್ಕ್ ಸಾಕೇ, ಸಸ್ಪೆನ್ಷನ್ ಬೇಕೇ?

ಹೊಸ ಸೈಕಲ್ ಕೊಳ್ಳುವಾಗ, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಸಾದಾ ಇರಬೇಕೋ ಸ್ಪ್ರಿಂಗ್ ಇರುವ ಸಸ್ಪೆನ್ಷನ್ ಇರಬೇಕೋ ಎಂಬ ಪ್ರಶ್ನೆ ಏಳುತ್ತದೆ. ನಮ್ಮ ಚೆನ್ನೈಯಲ್ಲೇ 1949ರಲ್ಲಿ ಸ್ಥಾಪನೆಯಾದ ಟಿ.ಐ. ಸೈಕಲ್ಸ್ ಸಂಸ್ಥೆಯ ಹರ್ಕ್ಯುಲಿಸ್ ಸೈಕಲ್ಲುಗಳು ಸಾದಾ ಫೋರ್ಕಿನಲ್ಲೇ ದಶಕಗಳ ಕಾಲ ಭಾರ ಹೊತ್ತವು.

ಸಸ್ಪೆನ್ಷನ್ ಗುಂಡಿಗಳ ಹೊಡೆತವನ್ನು ತಗ್ಗಿಸುವುದು ನಿಜ. ಆದರೆ ಅಗ್ಗದ ಸೈಕಲ್ಲುಗಳಲ್ಲಿ ಅದು ತೂಕವನ್ನು ಹೆಚ್ಚಿಸುತ್ತದೆ. ಎದ್ದು ನಿಂತು ತುಳಿದಾಗ ನಮ್ಮ ಶ್ರಮದ ಒಂದಂಶವನ್ನು ನುಂಗುತ್ತದೆ. ಅಡ್ಯಾರು, ತಿರುವಾನ್ಮಿಯೂರುಗಳ ಕಡಲಗಾಳಿಯ ಉಪ್ಪು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮಳೆನೀರು ಒಳಸೇರಿದರೆ ತುಕ್ಕು ಹಿಡಿದು ಬಿಗಿದುಕೊಳ್ಳುತ್ತದೆ. ಆಗ ಉಳಿಯುವುದು ಭಾರವಷ್ಟೇ.

ಚೆನ್ನೈ ಬಹುಮಟ್ಟಿಗೆ ಸಮತಟ್ಟಾದ ಊರು. ಡಾಂಬರು ರಸ್ತೆಯಲ್ಲೇ ಓಡಾಡುವವರಿಗೆ ಸಾದಾ ಫೋರ್ಕ್, ಸುಮಾರು 40 ಮಿ.ಮೀ. ಅಗಲದ ಟೈರ್ ಸಾಕೆಂಬುದು ನಮ್ಮ ಅಭಿಪ್ರಾಯ. ಟೈರಿನ ಬದಿಯಲ್ಲಿ ನಮೂದಿಸಿದ ಮಿತಿಯೊಳಗೆ ಗಾಳಿಯನ್ನು ಸ್ವಲ್ಪ ಕಡಿಮೆ ಇರಿಸಿದರೆ ಸಣ್ಣ ಕುಲುಕಾಟವನ್ನು ಟೈರೇ ಹೀರಿಕೊಳ್ಳುತ್ತದೆ.

ದಿನವೂ ಕಿತ್ತುಹೋದ ರಸ್ತೆ ಹಾಯಬೇಕಾದವರು, ಮಣಿಕಟ್ಟಿನ ನೋವಿರುವವರು ಸಸ್ಪೆನ್ಷನ್ ಆರಿಸಬಹುದು. ಆದರೆ ಅದಕ್ಕೆ ಲಾಕ್ ಇದೆಯೇ, ರಿಪೇರಿ ಬಲ್ಲವರು ಹತ್ತಿರದಲ್ಲಿದ್ದಾರೆಯೇ ಎಂದು ಮೊದಲು ವಿಚಾರಿಸಿಕೊಳ್ಳುವುದು ಒಳಿತು. ನೀರು ನಿಂತ ರಸ್ತೆಯ ಕಾಣದ ಗುಂಡಿಗೆ ಮಾತ್ರ ಎರಡೂ ರಕ್ಷೆಯಲ್ಲ. ಅಲ್ಲಿ ಇಳಿದು ತಳ್ಳಿಕೊಂಡು ಹೋಗುವುದೇ ಕ್ಷೇಮ.