ಹೆಸರಿನಲ್ಲಿ ಮರಳು, ಬದುಕಿನಲ್ಲಿ ಹದ

ಸ್ಯಾಂಡ್ ಬೋವಾ ಎಂದೊಡನೆ ಕಣ್ಣಿಗೆ ಕಟ್ಟುವುದು ಮರಳುಗಾಡು. ಅಮೆರಿಕ, ಯುರೋಪುಗಳ ಮನೆಗಳಲ್ಲಿ ಸಾಕುವ ಹಾವುಗಳಲ್ಲಿ ಆಫ್ರಿಕ ಮೂಲದ ಕೆನ್ಯನ್ ಸ್ಯಾಂಡ್ ಬೋವಾ ತುಂಬ ಪರಿಚಿತ. ವಿಷವಿಲ್ಲ, ಸ್ವಭಾವ ಸಾಧು, ಹೆಣ್ಣು ಬೆಳೆದರೂ ಎರಡೂವರೆ ಅಡಿಯ ಆಸುಪಾಸು. ಗಂಡು ಅದರ ಅರ್ಧದಷ್ಟು. ಇದನ್ನು ತಂದ ಹೊಸಬರು ಹೆಸರನ್ನು ನಂಬಿ ಪೆಟ್ಟಿಗೆ ಸಿದ್ಧಮಾಡುತ್ತಾರೆ: ತಳಕ್ಕೆ ಎರಡು ಅಂಗುಲ ಮರಳು, ಅಡಿಯಲ್ಲಿ ಹೀಟ್ ಮ್ಯಾಟ್, ಗಾಜಿನ ಗೋಡೆಗೆ ಆರ್ದ್ರತೆಯ ಮಾಪಕ, ಒಳಗೆ ಎಲ್ಲೂ ಪಸೆಯಿಲ್ಲ. ಹಾವಿನ ಪೊರೆ ತುಂಡುತುಂಡಾಗಿ ಬಿಡತೊಡಗಿದಾಗ ಪ್ರಶ್ನೆ ಏಳುತ್ತದೆ: ಆರ್ದ್ರತೆ ಶೇಕಡಾ ಎಷ್ಟಿರಬೇಕು? ಈ ಪ್ರಶ್ನೆ ಅರ್ಧ ಮಾತ್ರ ಸರಿ. ಬದುಕಿನ ಬಹುಪಾಲನ್ನು ಮಣ್ಣಿನೊಳಗೆ ಕಳೆಯುವ ಜೀವಿಯ ವಿಷಯದಲ್ಲಿ ತೇವ ಎಷ್ಟು ಎನ್ನುವುದಕ್ಕಿಂತ ಎಲ್ಲಿ ಎಂದು ಮೊದಲು ಕೇಳಬೇಕು.

ಹೆಸರು ದಾರಿ ತಪ್ಪಿಸುತ್ತದೆ ಎನ್ನಲು ಈ ಹಾವಿನ ನೆಂಟರಿಷ್ಟರನ್ನು ನೋಡಿದರೆ ಸಾಕು. ನಿಜವಾದ ಮರಳುಗಾಡಿನ ವಾಸಿ ಅರೇಬಿಯದ ಎರಿಕ್ಸ್ ಜಯಕರಿ. ಮಸ್ಕತ್‌ನಲ್ಲಿ ವೈದ್ಯರಾಗಿದ್ದ ಭಾರತೀಯ ಆತ್ಮಾರಾಮ್ ಜಯಕರ್ ಅವರ ಹೆಸರನ್ನು ಹೊತ್ತಿರುವ ಈ ಹಾವಿನ ಕಣ್ಣುಗಳು ನೆತ್ತಿಯ ಮೇಲಿವೆ; ಮೈಯೆಲ್ಲ ಮರಳಲ್ಲಿ ಹುದುಗಿಸಿ ಕಣ್ಣಷ್ಟೇ ಹೊರಗಿಟ್ಟು ಹೊಂಚುಹಾಕಲು ಹೇಳಿ ಮಾಡಿಸಿದ ರಚನೆ. ಈಜಿಪ್ಟಿನಿಂದ ಟಾಂಜಾನಿಯಾದವರೆಗೆ ಹರಡಿರುವ ಕೆನ್ಯನ್ ಬೋವಾದ ಕಣ್ಣುಗಳಾದರೋ ತಲೆಯ ಇಕ್ಕೆಲಗಳಲ್ಲಿವೆ. ಕುರುಚಲು ಬಯಲಿನ ಸಡಿಲ ಮಣ್ಣು, ಕಲ್ಲಿನ ಸಂದುಗಳೆಲ್ಲ ಅದಕ್ಕೆ ಒಗ್ಗುತ್ತವೆ. ಇನ್ನೊಂದು ತುದಿಯ ಉದಾಹರಣೆ ನಮ್ಮ ಕರಾವಳಿಯಲ್ಲೇ ಇದೆ. ಹಾವುತಜ್ಞ ರೋಮುಲಸ್ ವಿಟೇಕರ್ ಅವರ ಹೆಸರಿನಲ್ಲಿ 1991ರಲ್ಲಿ ವಿವರಿಸಲಾದ ಎರಿಕ್ಸ್ ವಿಟೇಕರಿ ಎಂಬ ಸ್ಯಾಂಡ್ ಬೋವಾ ವಾಸಿಸುವುದು ಕೇರಳ, ಕರ್ನಾಟಕ, ಗೋವಾಗಳ ಪಶ್ಚಿಮ ಕರಾವಳಿ ಪಟ್ಟಿಯಲ್ಲಿ. ದಕ್ಷಿಣ ಕನ್ನಡದಂಥ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನೆಲವದು. ಒಂದೇ ಕುಲದ ಹಾವುಗಳು ಇಷ್ಟು ಬೇರೆ ಬೇರೆ ಹವೆಗಳಲ್ಲಿ ಬಾಳುತ್ತಿವೆ ಎಂದಮೇಲೆ ಅವನ್ನು ಒಂದುಗೂಡಿಸುವುದು ಒಣ ಮರಳಾಗಿರಲಾರದು. ಹುದುಗಿಕೊಳ್ಳಲು ಬರುವ ನೆಲವೇ ಅವಕ್ಕೆಲ್ಲ ಸಮಾನ.

ಹಾಗಾದರೆ ಒಣಸೀಮೆಯ ನೆಲದೊಳಗೆ ತೇವ ಎಲ್ಲಿಂದ ಬಂತು ಎಂದು ಕೇಳಬಹುದು. ಮೇಲ್ಮಣ್ಣು ಕಾದ ಹೆಂಚಿನಂತಿದ್ದರೂ ಕೆಳಗಿನ ಮಣ್ಣಿನ ಕಣಗಳಿಗೆ ತೆಳುವಾದ ನೀರಿನ ಪದರ ಅಂಟಿಕೊಂಡಿರುತ್ತದೆ. ಗಿಡ ಬಾಡುವಷ್ಟು ಒಣಗಿದ ಮಣ್ಣಿನಲ್ಲೂ ಕಣಗಳ ನಡುವಿನ ಗಾಳಿಯ ಆರ್ದ್ರತೆ ಶೇ 98ರ ಮೇಲೇ ಇರುತ್ತದೆ ಎನ್ನುವುದು ಮಣ್ಣಿನ ಭೌತವಿಜ್ಞಾನದ ಸರಳ ಲೆಕ್ಕ. ಬಿಸಿಲೇರಿದಂತೆ ಹಾವು ಕೆಳಗಿಳಿಯುತ್ತದೆ. ಅಲ್ಲಿ ತಂಪೂ ಇದೆ, ಪಸೆಯೂ ಇದೆ. ಅಡಿಯಲ್ಲಿ ಹೀಟ್ ಮ್ಯಾಟ್ ಇರುವ ಪೆಟ್ಟಿಗೆ ಈ ಏರ್ಪಾಡನ್ನು ತಲೆಕೆಳಗು ಮಾಡುತ್ತದೆ. ಅಲ್ಲಿ ಇಳಿದಷ್ಟೂ ಬಿಸಿ, ಇಳಿದಷ್ಟೂ ಒಣ. ಬಿಸಿ ತಾಳಲಾರದೆ ಕೆಳಕ್ಕೆ ಕೊರೆದ ಹಾವು ಹೊಟ್ಟೆ ಸುಟ್ಟುಕೊಳ್ಳುವುದು ಅದರ ಪೆದ್ದುತನವಲ್ಲ. ಕೆಳಗೆ ತಂಪಿದೆ ಎಂಬ ಹುಟ್ಟರಿವನ್ನು ಅದು ನಂಬಿರುತ್ತದೆ. ಆದ್ದರಿಂದ ಕಾವು ಮೇಲಿನ ದೀಪದಿಂದ ಬರುವುದು ಒಳ್ಳೆಯದು. ಒಂದು ತುದಿಯಲ್ಲಿ 32ರಿಂದ 35 ಡಿಗ್ರಿ ಸೆಲ್ಸಿಯಸ್, ಇನ್ನೊಂದರಲ್ಲಿ 25ರ ಸುಮಾರು ಇದ್ದರೆ ಹಾವು ತನಗೆ ಬೇಕಾದ ಕಡೆ ಸರಿದುಕೊಳ್ಳುತ್ತದೆ. ಹೀಟ್ ಮ್ಯಾಟನ್ನೇ ಬಳಸುವುದಾದರೆ ಥರ್ಮೋಸ್ಟ್ಯಾಟ್ ಬೇಕೇ ಬೇಕು, ಮ್ಯಾಟು ಪೆಟ್ಟಿಗೆಯ ಒಂದು ಭಾಗದಡಿ ಮಾತ್ರ ಇರಬೇಕು.

ಗೋಡೆಯ ಮಾಪಕವೂ ಪೂರ್ತಿ ನಿಜ ಹೇಳುವುದಿಲ್ಲ. ಗಾಳಿ ಬಿಸಿಯಾದಷ್ಟೂ ಅದು ಹಿಡಿದಿಡಬಲ್ಲ ಆವಿ ಹೆಚ್ಚು. 25 ಡಿಗ್ರಿಯ ತುದಿಯಲ್ಲಿ ಶೇ 60 ಎಂದು ತೋರಿಸುವ ಗಾಳಿಯೇ 33 ಡಿಗ್ರಿಯ ತುದಿಗೆ ಹೋದರೆ ಶೇ 38ಕ್ಕೆ ಇಳಿಯುತ್ತದೆ. ನೀರಿನ ಆವಿ ಒಂದಿಷ್ಟೂ ಕಡಿಮೆಯಾಗಿರುವುದಿಲ್ಲ. ಶೇ 30ರಿಂದ 50 ಸಾಕು ಎಂಬ ರೂಢಿಯ ಮಾತು ಮೇಲಿನ ಗಾಳಿಯ ಮಟ್ಟಿಗೆ ಸರಿ, ಆದರೆ ಹಾವು ಉಸಿರಾಡುವ ಜಾಗ ಅದಲ್ಲ. ಹಾವಿರುವ ಜಾಗದ ತೇವದ ಪರಿಣಾಮ ಸ್ಪಷ್ಟವಾಗಿ ಕಾಣುವುದು ಪೊರೆ ಬಿಡುವಾಗ. ಹಳೆಯ ಚರ್ಮದ ಕೆಳಗೆ ಹೊಸದು ಬಲಿತ ಮೇಲೆ ಎರಡರ ನಡುವೆ ದ್ರವ ಜಿನುಗುತ್ತದೆ, ಕಣ್ಣು ಹಾಲುಗಟ್ಟಿದಂತಾಗುತ್ತದೆ. ತೇವ ಸಾಕಷ್ಟಿದ್ದರೆ ಮೂತಿಯಿಂದ ಬಾಲದವರೆಗೆ ಕಾಲುಚೀಲ ತಿರುವಿದಂತೆ ಪೊರೆ ಇಡಿಯಾಗಿ ಕಳಚುತ್ತದೆ. ಮೈ ಒಣಗಿದ್ದರೆ ಕಣ್ಣಿನ ಮೇಲಿನ ಪಾರದರ್ಶಕ ಪದರ ಉಳಿದುಬಿಡುತ್ತದೆ. ಬಾಲದ ತುದಿಯಲ್ಲಿ ಉಳಿದ ಪೊರೆ ಬಿಗಿಯಾದ ಉಂಗುರವಾಗಿ ರಕ್ತಸಂಚಾರವನ್ನೇ ತಡೆಯಬಹುದು.

ಎಂದರೆ ಎಲ್ಲವನ್ನೂ ಒದ್ದೆ ಮಾಡಬೇಕೆಂದಲ್ಲ. ಒದ್ದೆ ಹಾಸಿನಲ್ಲಿ ಹೊಟ್ಟೆಯ ಹುರುಪೆಗಳು ಕೊಳೆಯುತ್ತವೆ, ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ ಎಂಬ ಅನುಭವಸ್ಥರ ಆಕ್ಷೇಪ ಅಕ್ಷರಶಃ ನಿಜ. ಇಲ್ಲಿ ರೈತರ ಮಾತೊಂದು ನೆರವಿಗೆ ಬರುತ್ತದೆ: ಹದ. ಬಿತ್ತನೆಗೆ ಬಂದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ನೀರು ಜಿನುಗಬಾರದು, ಹೆಬ್ಬೆರಳು ಒತ್ತಿದರೆ ಉದುರಬೇಕು. ಪೆಟ್ಟಿಗೆಯ ತಂಪು ತುದಿಯಲ್ಲಿ, ಹಾಸಿನ ತಳಪದರದಲ್ಲಿ ಮಾತ್ರ ಇಂಥ ಹದವಿದ್ದು ಮೇಲ್ಪದರ ಒಣಗಿರಬೇಕು. ಮಣ್ಣು, ಸೋಸಿದ ಮರಳು, ತೆಂಗಿನ ನಾರಿನ ಪುಡಿಗಳ ಮಿಶ್ರಣ ನಾಲ್ಕು ಅಂಗುಲವಾದರೂ ಆಳವಿದ್ದರೆ ಇದು ಸಾಧ್ಯ. ಬಿಲವೂ ಕುಸಿಯದೆ ನಿಲ್ಲುತ್ತದೆ. ಬರಿಯ ಒಣ ಮರಳು ನೀರನ್ನೂ ಹಿಡಿಯದು, ಬಿಲದ ಆಕಾರವನ್ನೂ ಹಿಡಿಯದು. ಆಸ್ಪೆನ್ ಮರದ ಹೊಟ್ಟು ಹುದುಗಲು ಚೆನ್ನ, ಒದ್ದೆಯಾದರೆ ಬೂಷ್ಟು ಹಿಡಿಯುತ್ತದೆ. ಸೀಡರ್ ಮರದ ಹೊಟ್ಟಿನ ಘಾಟು ಹಾವಿಗೆ ಕೇಡು.

ಹತ್ತಾರು ವರ್ಷಗಳಿಂದ ತೆಳುವಾದ ಹೊಟ್ಟಿನ ಮೇಲೆಯೇ ಸಾಕಿದ ಹಾವುಗಳು ಬದುಕಿಲ್ಲವೇ, ಮರಿ ಹಾಕಿಲ್ಲವೇ ಎಂಬ ವಾದವೂ ಇದೆ. ಬದುಕಿವೆ, ನಿಜ. ಆದರೆ ಅಂಥ ಜಾಣ ಸಾಕಣೆದಾರರು ಪೆಟ್ಟಿಗೆಯೊಳಗೆ ಒದ್ದೆ ಪಾಚಿ ತುಂಬಿದ ಪುಟ್ಟ ಡಬ್ಬಿಯೊಂದನ್ನು ಇಟ್ಟಿರುತ್ತಾರೆ. ಪೊರೆ ಬಿಡುವ ಹಾವು ಹುಡುಕಿಕೊಂಡು ಹೋಗಿ ಅದರೊಳಗೆ ಸುರುಳಿ ಸುತ್ತುತ್ತದೆ. ನೆಲದಾಳದ ಬದಲಿಗೆ ಡಬ್ಬಿ ಬಂತು, ಅಷ್ಟೇ. ಒಣ ಜಾಗ, ಪಸೆಯ ಜಾಗ ಎರಡೂ ಇದ್ದು ಆಯ್ಕೆ ಹಾವಿನದಾಗಿರಬೇಕು ಎಂಬ ಮಾತಿಗೆ ಇದು ಸಾಕ್ಷಿಯೇ ಹೊರತು ವಿರೋಧವಲ್ಲ.

ಇಷ್ಟೆಲ್ಲ ಓದಿ ನಮ್ಮ ಹೊಲದ ಬದುವಿನ ಸ್ಯಾಂಡ್ ಬೋವಾ ಆದ ಮಣ್ಣುಮುಕ್ಕನನ್ನು ಮನೆಗೆ ತರುವ ಯೋಚನೆ ಬಂದರೆ ಅದನ್ನು ಅಲ್ಲಿಗೇ ಬಿಡಬೇಕು. ಇರ್ತಲೆ ಹಾವು ಎಂದೂ ಕರೆಯುವ ಅದನ್ನು ಹಿಡಿಯುವುದು, ಸಾಕುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ತುದಿ ಮೊಂಡಾದ ಬಾಲವನ್ನು ಎರಡನೆಯ ತಲೆಯೆಂದು, ಅದರಿಂದ ನಿಧಿ ಸಿಗುತ್ತದೆಂದು ನಂಬಿಸಿ ನಡೆಸುವ ಕಳ್ಳವ್ಯಾಪಾರದಲ್ಲಿ ಈ ಹಾವು ಚೀಲ, ಬಕೆಟ್ಟುಗಳಲ್ಲಿ ಒಣಗುತ್ತದೆ. ಅಮೆರಿಕದ ಮನೆಯೊಂದರಲ್ಲಿ ದೀಪ, ಥರ್ಮೋಸ್ಟ್ಯಾಟ್, ಮಾಪಕ, ಡಬ್ಬಿಗಳನ್ನು ಜೋಡಿಸಿ ಕಷ್ಟಪಟ್ಟು ಕಟ್ಟಬೇಕಾದ ವ್ಯವಸ್ಥೆ ಮಣ್ಣುಮುಕ್ಕನಿಗೆ ಬದುವಿನ ಇಲಿಬಿಲದಲ್ಲೇ ಇದೆ; ಇಲಿಯೂ ಅಲ್ಲೇ ಸಿಗುತ್ತದೆ.