ಹತ್ತು ಮಂದಿಯ ಊರಿಗೂ ಒಂದು ಆಡಳಿತ

ಜರ್ಮನಿಯ ವಾಯವ್ಯ ತುದಿಯಲ್ಲಿ, ಉತ್ತರ ಸಮುದ್ರದ ಕೆಸರು ದಂಡೆಗಳ ನಡುವೆ ಗ್ರೋಡೆ ಎಂಬ ಊರಿದೆ. ವಿಸ್ತೀರ್ಣ ಸುಮಾರು 2.5 ಚದರ ಕಿ.ಮೀ. ಜನಸಂಖ್ಯೆ ಹತ್ತರ ಆಸುಪಾಸು. ಒಂದು ಕುಟುಂಬ ಗಂಟುಮೂಟೆ ಕಟ್ಟಿದರೆ ಊರಿನ ಕಾಲುಭಾಗವೇ ಹೋದಂತೆ. ಆದರೂ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದ ನಕ್ಷೆಯಲ್ಲಿ ಅದು ತನ್ನದೇ ಮೇಯರ್ ಇರುವ ಸ್ವತಂತ್ರ ಗ್ರಾಮಾಡಳಿತ. ದೇಶದ ಅತಿ ಚಿಕ್ಕ ಆಡಳಿತಗಳಲ್ಲಿ ಒಂದು.

ಇಂಥ ನೆಲವನ್ನು ಅಲ್ಲಿಯವರು ಹಾಲಿಗ್ ಎನ್ನುತ್ತಾರೆ. ನಮ್ಮ ಕರಾವಳಿಯ ಕುದ್ರುಗಳನ್ನು, ಅಂದರೆ ನದಿಯ ನಡುಗಡ್ಡೆಗಳನ್ನು, ನದಿಯಿಂದ ಎತ್ತಿ ನಡುಕಡಲಲ್ಲಿ ಇಟ್ಟಂತೆ ಕಲ್ಪಿಸಿಕೊಳ್ಳಿ. ಸುತ್ತ ಎತ್ತರದ ತಡೆಗೋಡೆ ಇಲ್ಲ. ಬಿರುಗಾಳಿಯೊಂದಿಗೆ ಉಬ್ಬರ ಬಂತೆಂದರೆ ಹುಲ್ಲುಗಾವಲೆಲ್ಲ ನೀರಿನಡಿ. ವರ್ಷದಲ್ಲಿ ಹಲವು ಸಲ ಹೀಗಾಗುತ್ತದೆ. ಆಗ ಕಾಣುವುದು ಮನುಷ್ಯರೇ ಮಣ್ಣು ಪೇರಿಸಿ ಎಬ್ಬಿಸಿದ ದಿಬ್ಬಗಳು, ಅವುಗಳ ಮೇಲಿನ ಮನೆಗಳು ಮಾತ್ರ. ಗ್ರೋಡೆಯಲ್ಲಿ ಇಂಥ ದಿಬ್ಬ ಎರಡು. ಒಂದರಲ್ಲಿ ಮನೆಗಳು, ಇನ್ನೊಂದರಲ್ಲಿ 1779ರಲ್ಲಿ ಕಟ್ಟಿದ ಸಂತ ಮಾರ್ಗರೇಟಳ ಚರ್ಚು. ಅದಕ್ಕೂ ಹಿಂದಿನ ಚರ್ಚುಗಳನ್ನು ಕಡಲು ನುಂಗಿದೆ. 1362, 1634, 1825 ಇವು ಈ ಕರಾವಳಿ ಮರೆಯದ ನೆರೆಗಳ ಇಸವಿಗಳು. 1962ರ ಫೆಬ್ರವರಿಯ ನೆರೆಯ ನಂತರ ಹಾಲಿಗ್ ಮನೆಗಳಲ್ಲಿ ಕಾಂಕ್ರೀಟ್ ಕಂಬಗಳ ಮೇಲೆ ನಿಂತ ಕೋಣೆಯೊಂದು ಸೇರಿಕೊಂಡಿತು. ಗೋಡೆಗಳು ಕುಸಿದರೂ ಅದು ಉಳಿಯಬೇಕು, ಅದರೊಳಗೆ ಜನ ಉಳಿಯಬೇಕು ಎಂಬ ಲೆಕ್ಕ.

ಇಷ್ಟೆಲ್ಲ ಆದರೂ ಜನ ಯಾಕೆ ಅಲ್ಲೇ ಇದ್ದಾರೆ? ಬೇಸಿಗೆಯಲ್ಲಿ ಮೇಯಿಸಲು ದನಗಳಿವೆ, ದೋಣಿಯಲ್ಲಿ ಬಂದುಹೋಗುವ ಪ್ರವಾಸಿಗರಿದ್ದಾರೆ, ಕರಾವಳಿ ರಕ್ಷಣೆಯ ಸರ್ಕಾರಿ ಕೆಲಸವಿದೆ. ಹಾಲಿಗ್‌ಗಳು ಅಲೆಯ ಹೊಡೆತವನ್ನು ತಾವು ತಿಂದು ಹಿಂದಿನ ದಂಡೆಯನ್ನು ಕಾಯುತ್ತವೆ. ಅಂಚಿನ ಕಲ್ಲುಕಟ್ಟೆಗಳನ್ನು ನೋಡಿಕೊಳ್ಳುವವರು ಬೇಕೇ ಬೇಕು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅಲ್ಲಿನ ಆಡಳಿತ. ಆ ರಾಜ್ಯದ ಕಾನೂನಿನಂತೆ ಜನಸಂಖ್ಯೆ 70 ಮೀರದ ಊರಿಗೆ ಚುನಾಯಿತ ಸದಸ್ಯರ ಮಂಡಳಿಯೇ ಇಲ್ಲ. ಮತದಾರರೆಲ್ಲ ಸೇರಿದರೆ ಅದೇ ಸಭೆ, ಅವರು ತೀರ್ಮಾನಿಸಿದ್ದೇ ಊರಿನ ತೀರ್ಮಾನ. ನಾವು ಗ್ರಾಮಸಭೆ ಎನ್ನುವುದಕ್ಕೆ ಅಲ್ಲಿ ಪೂರ್ತಿ ಅಧಿಕಾರ ಸಿಕ್ಕಿದೆ. ಕಡತ, ಲೆಕ್ಕಪತ್ರಗಳ ಹೊರೆಯನ್ನು ಪೆಲ್‌ವೋರ್ಮ್, ಹೋಗೆ, ಲಾಂಗನೆಸ್, ಗ್ರೋಡೆ ಈ ನಾಲ್ಕೂ ಊರುಗಳು ಸೇರಿ ಹಂಚಿಕೊಂಡಿವೆ. ಊರು ಚಿಕ್ಕದೆಂದು ಅಧಿಕಾರ ಕಿತ್ತುಕೊಂಡಿಲ್ಲ, ಕಚೇರಿಯ ಕೆಲಸವನ್ನಷ್ಟೇ ಒಟ್ಟುಗೂಡಿಸಿದ್ದಾರೆ. ಜರ್ಮನಿಯ ಎಲ್ಲ ರಾಜ್ಯಗಳೂ ಹೀಗಿಲ್ಲ. ನಾರ್ತ್ ರೈನ್-ವೆಸ್ಟ್‌ಫಾಲಿಯಾ ತನ್ನ ಊರುಗಳನ್ನು ಒಂದರೊಳಗೊಂದು ವಿಲೀನ ಮಾಡಿ 396ಕ್ಕೆ ಇಳಿಸಿದೆ. ಅದಕ್ಕಿಂತ ಎಷ್ಟೋ ಕಡಿಮೆ ಜನರಿರುವ ಶ್ಲೆಸ್ವಿಗ್-ಹೋಲ್‌ಸ್ಟೈನ್ ಸಾವಿರಕ್ಕೂ ಹೆಚ್ಚು ಊರುಗಳನ್ನು ಹಾಗೇ ಉಳಿಸಿಕೊಂಡಿದೆ.

ನಮ್ಮ ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಒಂದು ಗ್ರಾಮ ಪಂಚಾಯಿತಿಗೆ ಐದರಿಂದ ಏಳು ಸಾವಿರ ಜನ ಎಂಬ ಅಳತೆ ಇಟ್ಟುಕೊಂಡಿತು. ಮಲೆನಾಡಿನ ಜಿಲ್ಲೆಗಳಿಗೆ 2,500ರ ರಿಯಾಯಿತಿ. ಆ ರಿಯಾಯಿತಿಯ ಬೆಲೆ ಶರಾವತಿ ಹಿನ್ನೀರಿನವರಿಗೆ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ, ಹಿನ್ನೀರು ದಾರಿ ಕಡಿದ ತುಮರಿಯ ಕಡೆಯವರು ಲಾಂಚಿನ ವೇಳೆಗೆ ತಮ್ಮ ಬದುಕನ್ನು ಹೊಂದಿಸಿಕೊಂಡರು. ಸೇತುವೆ ಬಂದದ್ದು 2025ರಲ್ಲಿ. ಹೀಗೆ ತುಂಡಾದ ಊರು ಸಾವಿರಾರು ಮಂದಿಯ ಪಟ್ಟಿಯಲ್ಲಿ ಒಂದು ಸಾಲಾಗಿಬಿಟ್ಟರೆ ಅದರ ತೊಂದರೆ ಯಾರ ಕಿವಿಗೂ ಬೀಳುವುದಿಲ್ಲ. ತಲೆ ಎಣಿಸುವಾಗ ನೀರು, ಕಾಡು, ದೂರ ಇವನ್ನೂ ಎಣಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಮತ್ತೆ ಗ್ರೋಡೆಗೆ ಬಂದರೆ, ಅದರ ಮುಂದಿರುವ ದೊಡ್ಡ ಪ್ರಶ್ನೆ ಏರುತ್ತಿರುವ ಕಡಲು. ಪ್ರತಿ ನೆರೆಯೂ ಒಂದಿಷ್ಟು ಹೂಳು ಬಿಟ್ಟು ನೆಲವನ್ನು ಎತ್ತರಿಸುತ್ತದೆ ನಿಜ. ಆದರೆ ಸವೆತ ತಡೆಯಲು ಕಟ್ಟಿದ ಕಲ್ಲಂಚೇ ಆ ಹೂಳನ್ನೂ ಹೊರಗೆ ನಿಲ್ಲಿಸುತ್ತದೆ. ಉಳಿದ ದಾರಿ ದಿಬ್ಬಗಳನ್ನೇ ಎತ್ತರಿಸುವುದು. ಪಕ್ಕದ ಲಾಂಗನೆಸ್‌ನ ಟ್ರೊಯ್‌ಬೆರ್ಗ್ ದಿಬ್ಬದಲ್ಲಿ ಸರ್ಕಾರದ ಹಣದಿಂದ ಆ ಕೆಲಸ ಈಗಾಗಲೇ ಆಗಿದೆ.